ಒಂಬತ್ತು

ಮಂಗಳವಾರ, ಬುಧವಾರ ನಾಲ್ಕಂಕಿಯ ಚೀಟಿ:
ನಾಲ್ಕು, ಸೊನ್ನೆ, ಒಂದು, ಒಂದು.
ಗುರುವಾರ ಅದರ ಮುಂದೊಂದು ಒಂಬತ್ತು.
ಒಂಬತ್ತಿದ್ದರೆ ಸಾವಯವ, ಇಲ್ಲದಿದ್ದರೆ ಬರೀ ಬಾಳೆಹಣ್ಣು.
ನನ್ನ ಹೆಬ್ಬೆರಳಿಗೆ ಎರಡೂ ಒಂದೇ ಅಂಟು.

ಮಚಾಲಾ ಊರಾಚೆ ತಗಡಿನ ಶೆಡ್ಡು ನಮ್ಮದು.
ತೊಟ್ಟಿಯಲ್ಲಿ ತೇಲಿ ಬರುತ್ತವೆ ಚಿಪ್ಪುಗಳು,
ಸೊನೆ ಬಿಟ್ಟು ನೀರು ಅಕ್ಕಿ ತೊಳೆದ ಬಣ್ಣ.
ಚೀಟಿಯ ಸೊನ್ನೆಗೂ ಮೆತ್ತುತ್ತದೆ ಸೊನೆ,
ಬೆರಳ ಸಂದಿಯಲ್ಲಿ ಕಪ್ಪಾಗಿ ನಿಲ್ಲುತ್ತದೆ,
ಸೋಪಿಗೂ ಹೋಗದು, ನಿಂಬೆಗೂ ಹೋಗದು,
ಭಾನುವಾರ ಚರ್ಚಿನಲ್ಲಿ ಕೈ ಜೋಡಿಸಿದರೆ ಎದ್ದು ಕಾಣುತ್ತದೆ.

"ಯಾದಿರಾ, ಯಾವುದು ಒಳ್ಳೆಯದು?"
ಫೋನಿನಲ್ಲಿ ಕೇಳಿದಳು ತಂಗಿ,
ಗುವಾಯಾಕಿಲ್‌ನ ದಂತವೈದ್ಯರ ಮನೆಯಲ್ಲಿ ಕೆಲಸ ಅವಳಿಗೆ.
ಮನೆಯೊಡತಿಗೆ ಈಚೆಗೆ
ಒಂಬತ್ತಿಲ್ಲದ ಹಣ್ಣು ಹೊಸಿಲು ದಾಟಬಾರದಂತೆ,
ಮಗುವಿಗೆ ಹಲ್ಲು ಬರುವ ಸಮಯವಂತೆ.
ತಿನ್ನಲಿ ಬಿಡು ಅಂದೆ. ತಪ್ಪೇನು?
ನನ್ನ ಕೈಗೂ ಗುರುವಾರ ಉರಿ ಕಡಿಮೆ.
ಉಳಿದ ದಿನ, ಕೊಯ್ದ ತೊಟ್ಟು ಕೊಳೆಯದಿರಲೆಂದು
ಔಷಧಿ ಹೊಡೆಯುತ್ತಾನೆ ವಾಷಿಂಗ್ಟನ್
(ಊರಲ್ಲ, ಹುಡುಗ; ಇಲ್ಲಿ ಹಾಗೆಲ್ಲ ಹೆಸರಿಡುತ್ತಾರೆ).
ಅವನ ಮೂಗು ಸದಾ ಸೋರುತ್ತದೆ,
ನೆಗಡಿ ಅನ್ನುತ್ತಾನೆ.

ಗುರುವಾರದ ಹಣ್ಣು ಭಾವ ಸೆಗುಂದೋನ ತೋಟದ್ದು.
ಎರಡೇ ಹೆಕ್ಟೇರು. ಕಳೆಗೆ ಕತ್ತಿ, ಗೊಬ್ಬರಕ್ಕೆ ಕೋಳಿಹಿಕ್ಕೆ,
ವರ್ಷಕ್ಕೊಮ್ಮೆ ಬೂಟು ಹಾಕಿ ಬರುವ ತಪಾಸಣೆಯವಳಿಗೆ
ಒಂದು ಹುಂಜದ ಸಾರು.
ಬೇಲಿಯಾಚೆ ಕಣ್ಣು ಹಾಯುವಷ್ಟೂ ಕಂಪನಿಯ ತೋಟ,
ಬೆಳಗಿನ ಆರಕ್ಕೆ ಅದರ ಮೇಲೆ ಹಳದಿ ವಿಮಾನ.
ಗಾಳಿಗೆ ಯಾವ ಬೇಲಿ?
ಅದಕ್ಕೇ ಬೇಲಿ ಕಡೆಯ ಮೂರು ಸಾಲು
ಲೆಕ್ಕಕ್ಕಿಲ್ಲವೆಂದು ಬರೆದುಕೊಂಡು ಹೋದಳು ಆಕೆ.
ಅದೇ ಕಂದು, ಅದೇ ಕೋಳಿಹಿಕ್ಕೆ,
ಬಾಗಿದ ಗಿಡಕ್ಕೆ ಊರುಗೋಲು ಕೊಟ್ಟದ್ದೂ ಅದೇ ಕೈ;
ಆ ಮೂರು ಸಾಲಿನ ಗೊನೆ ಮಾತ್ರ
ಬುಧವಾರದ ರಾಶಿಗೆ, ಅರ್ಧ ಬೆಲೆಗೆ.
ಒಮ್ಮೊಮ್ಮೆ ಅದಕ್ಕೂ ಬೇಡ.
ಆಗ ನಮ್ಮ ಮನೆಗೆ.

ಅತ್ತೆ ಎರ್ಮೆಲಿಂದಾ ಕಾಯಿ ಬೇಯಿಸಿ ಜಜ್ಜುತ್ತಾಳೆ,
ಚೀಸು, ಹಂದಿಯ ಕೊಬ್ಬಿನ ಚೂರು ಕಲಸಿ ಉಂಡೆ ಕಟ್ಟುತ್ತಾಳೆ.
ತಂಗಿಯ ಪ್ರಶ್ನೆ ಅವಳಿಗೂ ಹಾಕಿದೆ.
ಉಪ್ಪು ನೋಡುತ್ತ ಅಂದಳು:
"ಬಿಸಿಯಿದ್ದಾಗ ತಿಂದದ್ದು ಒಳ್ಳೆಯದು."

ಒಂದು ಗುರುವಾರ, ಯಾರಿಗೂ ಹೇಳಿಲ್ಲ,
ಆ ಸಾಲಿನ ಏಳು ಚಿಪ್ಪಿಗೆ ಒಂಬತ್ತು ಹಚ್ಚಿದೆ.
ಬೇಕೆಂದೇ. ಭಾವನ ಮುಖ ನೋಡಲಾಗದೆ.
ಅವು ಹಡಗು ಹತ್ತಿ ಯಾವ ತಣ್ಣನೆಯ ಊರು ಸೇರಿದವೋ,
ಯಾರು ಯಾವ ಮಗುವಿಗೆ ಹಿಸುಕಿ ಉಣಿಸಿದರೋ.
ಮೇಲೆ ಎರಡು ಕಾಸು ಕೊಟ್ಟು ಕೊಂಡ ಆ ತಾಯಿಯ ಮುಂದೆ
ನಾನು ಕಣ್ಣೆತ್ತಲಾರೆ.
ಎತ್ತಿದರೂ ಎತ್ತಿಯೇನು. ದಿನ ನೋಡಿಕೊಂಡು.

ನಿನ್ನೆ ತೋಳಿಗಂಟಿ ಮನೆಗೆ ಬಂದಿತ್ತು ಒಂದು ಚೀಟಿ.
ಮಗಳು ಸುಲೇಮಾ ಕಿತ್ತು, ಕಂಡದ್ದಕ್ಕೆಲ್ಲ ಹಚ್ಚಿದಳು:
ಬೆಕ್ಕಿನ ಕಿವಿ, ಅಜ್ಜಿಯ ಹಣೆ, ನೀರಿನ ಡ್ರಮ್ಮು.
ಅಂಟು ಸತ್ತು
ಕೊನೆಗೆ ಎಲ್ಲಿಯೂ ನಿಲ್ಲಲಿಲ್ಲ.

ಆರಿಸಿಕೊಳ್ಳುವುದು ನನಗೂ ಇದೆ, ಇಲ್ಲವೆನ್ನಲಾರೆ.
ಬುಧವಾರ, ಶನಿವಾರ ವಿಮಾನದ ಪಾಳಿ,
ಹಾಗಾಗಿ ಸೋಮವಾರ ಬಟ್ಟೆ ಒಗೆಯುತ್ತೇನೆ,
ಮೋಡವಿದ್ದರೂ ಸೋಮವಾರವೇ.
ಕೆಲವು ಸಲ ಅವರು ದಿನ ಬದಲಿಸುತ್ತಾರೆ,
ಹೇಳಿ ಕಳಿಸುವುದಿಲ್ಲ.
ದೂರದಲ್ಲಿ ಸದ್ದು ಕೇಳಿದ್ದೇ ಅಂಗಳಕ್ಕೆ ಓಡಿ
ಹಗ್ಗದಿಂದ ಮೊದಲು ಎಳೆಯುವುದು
ಸುಲೇಮಾಳ ಶಾಲೆಯ ಬಿಳಿ ಅಂಗಿ,
ಆಮೇಲೆ ಅತ್ತೆಯ ಲಂಗ,
ನನ್ನದು ಇರಲಿ,
ಇನ್ನೂ ಒದ್ದೆ.